ಚಿರೆ ಕಲ್ಲು, ಕೆಂಪು ಮಣ್ಣು: ಗೋವಾದಲ್ಲಿ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರ ಜಿಲ್ಲೆಯವನು. ಇಪ್ಪತ್ತು ವರ್ಷದ ಮೇಲಾಯಿತು, ಗೋವಾದಲ್ಲಿ ಕಟ್ಟಡದ ಕೆಲಸ ನೋಡಿಕೊಂಡಿದ್ದೇನೆ. ಅದರಲ್ಲೂ ಪಾಯದ ಮಣ್ಣಿನ ಪರೀಕ್ಷೆ ನನ್ನ ಪಾಲಿಗೆ ಬಂದ ಕೆಲಸ. ವಾಸ್ಕೋ, ಝುವಾರಿನಗರ, ವೆರ್ಣಾ ಕಡೆ ಸೈಟಿನಲ್ಲಿ ಚಹಾ ಕುಡಿಯುವಾಗ, ಊರಿಂದ ಬಂದ ನೆಂಟರ ಜೊತೆ ಓಡಾಡುವಾಗ, ಪತ್ರದಲ್ಲಿ, ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಹೊಸದಾಗಿ ಬಂದವರು ಕೇಳುವುದು

ನಮ್ಮೂರಾಗ ಮಣ್ಣು ಕರ್ರಗ ಐತಿ. ಇಲ್ಲಿ ಯಾಕ ಇಷ್ಟ್ ಕೆಂಪಗ ಐತಿ?

ಮಳೆ. ಒಂದೇ ಮಾತಿನ ಉತ್ತರ ಬೇಕಿದ್ದರೆ ಅದು ಇದೇ.

ಕಲ್ಲು ಬೇರೆ, ಅದಕ್ಕೇ ಮಣ್ಣು ಬೇರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಮ್ಮೆ ಪುಣೆಯಿಂದ ಮಹಾಬಳೇಶ್ವರಕ್ಕೆ ಹೋದೆ. ಪುಣೆಯ ಕೆಳಗಿರುವುದು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲು. ಮಹಾಬಳೇಶ್ವರದ ಬೆಟ್ಟವೂ ಅದೇ ಬಸಾಲ್ಟ್. ವಿಜಯಪುರದ ನಮ್ಮ ಹೊಲದ ಅಡಿಯಲ್ಲೂ ಅದೇ. ಆದರೆ ಪುಣೆ ಕಡೆಯ ಬಯಲಿನಲ್ಲಿ ಎರೆ ಮಣ್ಣು, ಮಹಾಬಳೇಶ್ವರದ ನೆತ್ತಿಯಲ್ಲಿ ಅಪ್ಪಟ ಕೆಂಪು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಮಹಾಬಳೇಶ್ವರದಲ್ಲಿ ಅದು 5,000 ದಾಟುತ್ತದೆ.

ಮಳೆ ಕಡಿಮೆ ಇರುವ ಕಡೆ ಕಲ್ಲು ಕರಗಿದಾಗ ಬಿಟ್ಟುಕೊಟ್ಟ ಸುಣ್ಣದಂಶ, ಮೆಗ್ನೀಸಿಯಂ, ಸಿಲಿಕಾ ಎಲ್ಲೂ ಹೋಗುವುದಿಲ್ಲ. ಅಲ್ಲೇ ನಿಂತು ಸ್ಮೆಕ್ಟೈಟ್ ಎಂಬ ಜೇಡಿ ಖನಿಜವಾಗುತ್ತವೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ನಮ್ಮ ಎರೆ ಮಣ್ಣಿನ ಸ್ವಭಾವ ಬಂದಿದ್ದು ಅದರಿಂದ. ಮಳೆ ಜೋರಾಗಿರುವ ಕಡೆ ಇವೆಲ್ಲ ಹಳ್ಳ ಹಿಡಿದು ಸಮುದ್ರ ಸೇರುತ್ತವೆ. ನೀರಿಗೆ ಒಗ್ಗದ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಯುತ್ತವೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದೂ ಬಹುತೇಕ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಲ್ಲಿಯ ಕಲ್ಲು ಬಹುಮಟ್ಟಿಗೆ ಬಸಾಲ್ಟ್ ಅಲ್ಲ, ಅದಕ್ಕಿಂತ ಎಷ್ಟೋ ಹಳೆಯ ಧಾರವಾಡ ಸಮೂಹದ ಕಲ್ಲುಗಳು. ಸತ್ತರಿ ತಾಲೂಕಿನ ಮೂಲೆಯಲ್ಲಿ ಮಾತ್ರ ಬಸಾಲ್ಟ್ ಸಿಗುತ್ತದೆ. ಆದರೂ ಕೊನೆಗೆ ಎಲ್ಲವೂ ಕೆಂಪೇ. ಕೆಂಪು ಮಣ್ಣು ಅಂದರೆ ಮಳೆ ತಿಂದು ಬಿಟ್ಟ ಎಂಜಲು.

ಈ ಕೆಂಪು ಅಂದ್ರೆ ತುಕ್ಕೇ ಅಲ್ವಾ?

ಹೌದು, ಸರಿಯಾಗಿ ಹೇಳಿದಿರಿ. ಮೊಳೆಗೆ ಹಿಡಿಯುವ ತುಕ್ಕು, ಈ ಮಣ್ಣಿನ ಬಣ್ಣ ಒಂದೇ ಮನೆತನ. ಅದರಲ್ಲಿ ಮುಖ್ಯವಾಗಿ ಇಬ್ಬರು. ಹೆಮಟೈಟ್ ಅಪ್ಪಟ ಕೆಂಪು. ಅದು ಕಬ್ಬಿಣ, ಆಮ್ಲಜನಕ ಮಾತ್ರ ಸೇರಿದ್ದು. ಗೊಥೈಟ್‌ನಲ್ಲಿ ಇವೆರಡರ ಜೊತೆ ನೀರಿನ ಅಂಶವೂ ಇದೆ, ಬಣ್ಣ ಹಳದಿ ಅಥವಾ ಕಂದು. ಜರ್ಮನ್ ಕವಿ ಗಯಟೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಹೆಮಟೈಟ್ ಸಿಕ್ಕಾಪಟ್ಟೆ ಜೋರು. ನೂರು ಪಾಲಿನಲ್ಲಿ ಒಂದೆರಡು ಪಾಲು ಸಣ್ಣ ಪುಡಿಯಾಗಿ ಸೇರಿದರೂ ಇಡೀ ಮಣ್ಣು ಕೆಂಪಾಗುತ್ತದೆ. ಪಕ್ಕದಲ್ಲಿ ಗೊಥೈಟ್ ಎಷ್ಟೇ ಇರಲಿ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ‘ಜಾಸ್ತಿ ಕೆಂಪು ಇದ್ದರೆ ಜಾಸ್ತಿ ಕಬ್ಬಿಣ’ ಎನ್ನುವ ಲೆಕ್ಕ ತಪ್ಪು. ಹಳದಿ ಮಣ್ಣಿನಲ್ಲಿ ಕೆಂಪು ಮಣ್ಣಿಗಿಂತ ಹೆಚ್ಚು ಕಬ್ಬಿಣ ಇರಬಹುದು. ಹಳದಿ ಮಣ್ಣನ್ನು 300 ಡಿಗ್ರಿ ಆಸುಪಾಸು ಕಾಯಿಸಿದರೆ ಗೊಥೈಟ್ ನೀರು ಬಿಟ್ಟು ಹೆಮಟೈಟ್ ಆಗುತ್ತದೆ. ಹಳದಿ ಜೇಡಿಯ ಇಟ್ಟಿಗೆ ಭಟ್ಟಿಯಿಂದ ಕೆಂಪಾಗಿ ಹೊರಬರುವುದೂ ಇದೇ ಆಟ.

ಚಿರೆ, ಮುರಕಲ್ಲು, ಜಂಬಿಟ್ಟಿಗೆ, ಲ್ಯಾಟರೈಟ್... ಎಲ್ಲಾ ಒಂದೇನಾ?

ಒಂದೇ. ಕೊಂಕಣಿ, ಮರಾಠಿಯವರ ಚಿರೆ ಎಂದರೆ ಕಡಿದು ತೆಗೆದ ಕಲ್ಲು. ಕೊಂಕಣದ ಮರಾಠಿಯಲ್ಲಿ ಈ ಶಿಲೆಯನ್ನು ಜಾಂಭಾ ಎನ್ನುತ್ತಾರೆ. ಮಂಗಳೂರು, ಉಡುಪಿಯವರಿಗೆ ಮುರಕಲ್ಲು, ಕೆಂಪುಕಲ್ಲು. ಕನ್ನಡ ಪುಸ್ತಕಗಳಲ್ಲಿ ಜಂಬಿಟ್ಟಿಗೆ.

ಲ್ಯಾಟರೈಟ್ ಎನ್ನುವ ಹೆಸರಿನ ಕಥೆ ನಮಗೆ ಸಂಬಂಧಪಟ್ಟದ್ದೇ. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರಲು ಕಳಿಸಿತು. ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕೊಯ್ದು ತೆಗೆಯುವುದನ್ನು ಅವನು ನೋಡಿದ. ಸ್ಥಳೀಯರು ಇದನ್ನು ‘ಇಟ್ಟಿಗೆ ಕಲ್ಲು’ ಎನ್ನುತ್ತಾರೆ ಎಂದೂ ಬರೆದುಕೊಂಡ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆ. 1807ರಲ್ಲಿ ಅಚ್ಚಾದ ಅವನ ಬರಹದಲ್ಲಿ ‘ಲ್ಯಾಟರೈಟ್’ ಕಾಣಿಸಿಕೊಂಡಿತು. ಇವತ್ತು ಬ್ರೆಜಿಲ್‌ನಿಂದ ಆಸ್ಟ್ರೇಲಿಯಾದವರೆಗೆ ಎಲ್ಲರೂ ಹೇಳುವುದು ನಮ್ಮ ಕಡೆಯ ‘ಇಟ್ಟಿಗೆ ಕಲ್ಲಿನ’ ಅನುವಾದವನ್ನೇ. ಅಂಗಾಡಿಪುರಂನಲ್ಲಿ 1979ರಲ್ಲಿ ನಿಲ್ಲಿಸಿದ ಸ್ಮಾರಕವೂ ಇದೆ.

ಕೋಲಾರ ಕಡೆ ಕೆಮ್ಮಣ್ಣೂ ಇದೇನಾ?

ಅಲ್ಲ. ಅದು ಗ್ರಾನೈಟ್, ನೈಸ್ ಕಲ್ಲುಗಳು ಸವೆದು ಆದ ಕೆಂಪು ಮಣ್ಣು. ಅಲ್ಲಿ ಮಳೆ ಕಡಿಮೆ, ತೊಳೆತವೂ ಕಡಿಮೆ. ಬಣ್ಣದ ಲೇಪ ಒಂದೇ ಇದ್ದರೂ ಒಳಗೆ ಕಲ್ಲಾಗುವಷ್ಟು ಕಬ್ಬಿಣ ಒಟ್ಟಾಗಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲೇ ನಿಜವಾದ ಲ್ಯಾಟರೈಟ್ ನೋಡಬೇಕಿದ್ದರೆ ಬೀದರ್‌ಗೆ ಹೋಗಿ. ಕೋಟೆ ಕಟ್ಟಿದ್ದೇ ಅದರಲ್ಲಿ. ನೌಬಾದ್ ಹತ್ತಿರದ ಹಳೆಯ ಕರೇಜ್ ಸುರಂಗ ಕಾಲುವೆಯನ್ನೂ ಇದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಅಷ್ಟು ಒಣ ಊರಿನಲ್ಲಿ ಇಷ್ಟು ಲ್ಯಾಟರೈಟ್ ಎಲ್ಲಿಂದ ಬಂತು ಎಂದು ಕೇಳಿದರೆ, ಅದು ಹಿಂದೊಂದು ಕಾಲದ ಮಳೆಯ ಗುರುತು.

ಬಟ್ಟೆಗೆ ಹತ್ತಿದ ಕೆಂಪು ಹೋಗೋದೇ ಇಲ್ವಲ್ಲ?

ಕಬ್ಬಿಣದ ಆಕ್ಸೈಡಿನ ಕಣ ತೀರಾ ಸಣ್ಣದು, ನೂಲಿನ ಎಳೆಯ ನಡುವೆ ಕೂತುಬಿಡುತ್ತದೆ. ಸೋಪಿಗೆ ಅದು ಕರಗುವುದಿಲ್ಲ. ಮೊದಲು ಒಣಗಿಸಿ ಕೊಡವಿ, ಆಮೇಲೆ ನಿಂಬೆರಸ ಹಚ್ಚಿ ನೆನೆಸಿಡಿ. ಹುಳಿ ಕಬ್ಬಿಣವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಬ್ಲೀಚ್ ಮಾತ್ರ ಬೇಡ, ಕಲೆ ಇನ್ನೂ ಗಟ್ಟಿಯಾಗುತ್ತದೆ. ಮುಂಬೈಯಿಂದ ಮಾಥೇರಾನ್‌ಗೆ ಬಿಳಿ ಬೂಟು ಹಾಕಿಕೊಂಡು ಹೋಗಿ ಬಂದ ನನ್ನ ಭಾವನನ್ನು ಕೇಳಿ, ಅಲ್ಲಿಯ ನೆತ್ತಿಯಲ್ಲೂ ಇದೇ ಮಣ್ಣು.

ಬಸುರಿ ಹೆಂಗಸ್ರು ಕೆಮ್ಮಣ್ಣು ತಿಂತಾರಲ್ಲ, ಕಬ್ಬಿಣ ಸಿಗುತ್ತಾ?

ಸಿಗುವುದಿಲ್ಲ. ತುಕ್ಕಿನ ರೂಪದ ಕಬ್ಬಿಣ ಹೊಟ್ಟೆಯಲ್ಲಿ ಕರಗುವುದು ತೀರಾ ಕಡಿಮೆ. ಜೇಡಿ ಬೇರೆ ಊಟದಲ್ಲಿನ ಕಬ್ಬಿಣವನ್ನೂ ಹಿಡಿದುಕೊಳ್ಳಬಹುದು. ಹೊಟ್ಟೆಗೆ ಹುಳ ಸೇರುವ ಭಯವೂ ಇದೆ. ಮಣ್ಣು ತಿನ್ನುವ ಬಯಕೆ ಎಷ್ಟೋ ಸಲ ರಕ್ತಹೀನತೆಯ ಗುರುತು. ಸುಮ್ನೆ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

## ಕಲ್ಲು, ಪಾಯ, ಬಾವಿ

ಕೊಯ್ಯುವಾಗ ಮೆತ್ತಗಿರೋ ಚಿರೆ ಆಮೇಲೆ ಗಟ್ಟಿ ಆಗೋದು ಹೇಗೆ?

ನೆಲದಡಿ ಇರುವಾಗ ಕಲ್ಲು ಒದ್ದೆ. ಅದರ ಕಬ್ಬಿಣದಲ್ಲಿ ಒಂದಷ್ಟು ಇನ್ನೂ ಪೂರ್ತಿ ಹರಳು ಕಟ್ಟಿರುವುದಿಲ್ಲ, ನೀರು ಹಿಡಿದುಕೊಂಡ ಲೋಳೆಯ ಹಾಗೆ ಜೇಡಿಯ ನಡುವೆ ಇರುತ್ತದೆ. ಹೊರಗೆ ತೆಗೆದು ಬಿಸಿಲಿಗೆ ಇಟ್ಟಾಗ ನೀರು ಹೋಗಿ ಅದು ಗೊಥೈಟ್, ಹೆಮಟೈಟ್ ಹರಳಾಗುತ್ತದೆ. ಹರಳುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಜೇಡಿಯನ್ನು ಬಿಗಿಯುತ್ತವೆ. ಒಮ್ಮೆ ಹೀಗಾದರೆ ಮತ್ತೆ ನೀರಿನಲ್ಲಿ ಮುಳುಗಿಸಿಟ್ಟರೂ ಮೊದಲಿನಂತೆ ಮೆತ್ತಗಾಗುವುದಿಲ್ಲ. ಇಟ್ಟಿಗೆಗೆ ಭಟ್ಟಿ ಬೇಕು, ಇದಕ್ಕೆ ಬಿಸಿಲು ಸಾಕು.

ಅದಕ್ಕೇ ಹಳೆಯ ಗವಂಡಿಗಳು ಖಾಣಿಯಿಂದ ಬಂದ ಚಿರೆಯನ್ನು ತಕ್ಷಣ ಗೋಡೆಗೆ ಏರಿಸುವುದಿಲ್ಲ, ಕೆಲವು ತಿಂಗಳು ಹೊರಗೆ ಬಿಡುತ್ತಾರೆ. ಈಗ ಎಲ್ಲರಿಗೂ ಅವಸರ. ಬೆಳಗ್ಗೆ ಕೊಯ್ದದ್ದು ಸಂಜೆಗೆ ಗೋಡೆಯಾಗಿರುತ್ತದೆ.

ಒಳ್ಳೆ ಚಿರೆ ಯಾವ್ದು ಅಂತ ನೋಡಿ ಹೇಳೋಕಾಗುತ್ತಾ?

ಸುಮಾರಾಗಿ ಹೇಳಬಹುದು. ಮುರಿದ ಮೈಯಲ್ಲಿ ಕೆಂಪು, ಕಂದು ಜಾಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಬಿಳಿ, ಹಳದಿ ಮಚ್ಚೆ ಜಾಸ್ತಿಯಾಗಿ ಉಗುರಿಗೆ ಪುಡಿ ಬಂದರೆ ಬೇಡ. ಆ ಬಿಳಿ ಎಂದರೆ ಕೆಯೊಲಿನೈಟ್, ಪಿಂಗಾಣಿಗೆ ಬಳಸುವ ಜೇಡಿ. ಕಬ್ಬಿಣ ಅಲ್ಲಿಗೆ ತಲುಪಿಲ್ಲ ಎಂದೇ ಅರ್ಥ. ತೂತುಗಳಿಗೆ ಹೆದರಬೇಡಿ, ತೂತಿರುವುದೇ ಈ ಕಲ್ಲಿನ ಜಾತಿ. ಸುತ್ತಿಗೆಯಿಂದ ತಟ್ಟಿದರೆ ಟಣ್ ಎನ್ನಬೇಕು.

ದೊಡ್ಡ ಕೆಲಸವಾದರೆ ಕಣ್ಣನ್ನು ನಂಬಬೇಡಿ. ಗೋಡೆಯ ಲ್ಯಾಟರೈಟ್ ಕಲ್ಲಿಗೆ ಭಾರತೀಯ ಮಾನಕ 3620 ಇದೆ. ಒತ್ತಡ ತಡೆಯುವ ಶಕ್ತಿ ಚದರ ಮಿ.ಮೀ.ಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು, ಕುಡಿಯುವ ನೀರು ತೂಕದ 12% ದಾಟಬಾರದು. ಒಂದೇ ಖಾಣಿಯ ಮೇಲಿನ ಸಾಲಿನ ಕಲ್ಲು ಪಾಸಾಗಿ, ಎರಡು ಮೀಟರ್ ಕೆಳಗಿನದು ಫೇಲ್ ಆಗಿದ್ದನ್ನು ನೋಡಿದ್ದೇನೆ.

ಚಿರೆ ಗೋಡೆಗೆ ಗಿಲಾವ್ ಬೇಕೇ ಬೇಕಾ? ಹಾಗೇ ಬಿಟ್ರೆ ಚೆಂದ ಕಾಣುತ್ತಲ್ಲ.

ಚೆಂದ ಕಾಣುತ್ತದೆ, ನಿಜ. ಆದರೆ ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದ ಹೊರಗೋಡೆಯನ್ನು ಹತ್ತಿರ ಹೋಗಿ ನೋಡಿ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಆ ಚರ್ಚಿಗೆ ಮೊದಲು ಸುಣ್ಣದ ಗಿಲಾವ್ ಇತ್ತು. 1950ರ ದಶಕದಲ್ಲಿ ಹಳೆಯ ಕಳೆ ಬರಲಿ ಎಂದು ಅದನ್ನು ಕೆತ್ತಿ ತೆಗೆದರು. ಈಗ ಫೋಟೋದಲ್ಲಿ ಎಲ್ಲರೂ ಮೆಚ್ಚುವ ಕೆಂಪು ಮುಖ ಅದರ ಬೆತ್ತಲೆ ಮೈ. ಮಳೆ ನೇರ ಬಡಿದು ಮೆತ್ತನೆ ಜೇಡಿ ತೊಳೆದುಹೋಗಿ ಕಲ್ಲು ಸವೆಯುತ್ತಿದೆ. ಗಿಲಾವ್ ಮತ್ತೆ ಹಾಕಬೇಕು ಎಂದು ಚರ್ಚಿನವರೇ ಕೇಳಿದ್ದಾರೆ. ಗಟ್ಟಿಯಾಗುವುದು ಬೇರೆ, ಸವೆಯದೇ ಇರುವುದು ಬೇರೆ.

ನಿಮ್ಮ ಮನೆಗೆ ಹೇಳುವುದಾದರೆ, ಮಳೆ ಬಡಿಯುವ ನೈರುತ್ಯದ ಗೋಡೆಗೆ ಗಿಲಾವ್ ಮಾಡಿಸಿ, ಅಥವಾ ಸೂರು ಉದ್ದ ಬಿಡಿ. ಸುಣ್ಣ ಸಿಕ್ಕರೆ ಸುಣ್ಣವೇ ವಾಸಿ, ಕಲ್ಲಿನ ಒಳಗಿನ ತೇವ ಹೊರಗೆ ಬರಲು ದಾರಿ ಇರುತ್ತದೆ.

ಮೇಲೆ ಬಂಡೆ ಥರ ಗಟ್ಟಿ ಇತ್ತು, ಆದ್ರೂ ಪಾಯ ಯಾಕೆ ಕುಸಿಯಿತು?

ಈ ಪ್ರಶ್ನೆ ಮೊದಲು ನನಗೆ ನಾನೇ ಕೇಳಿಕೊಂಡಿದ್ದು. ಗೋವಾಕ್ಕೆ ಬಂದ ಹೊಸತರಲ್ಲಿ ಒಂದು ಕಾಂಪೌಂಡ್ ಗೋಡೆಯ ಕೆಲಸ. ಒಂದೂವರೆ ಮೀಟರ್ ಅಗೆದೆವು, ಹಾರೆ ಇಳಿಯದಷ್ಟು ಗಟ್ಟಿ ಕೆಂಪುಕಲ್ಲು. ‘ಇನ್ನೇನು, ಬಂಡೆ ಸಿಕ್ಕಿತು’ ಎಂದು ಅಲ್ಲೇ ಪಾಯ ಹಾಕಿದೆ. ಊರಿನ ಲೆಕ್ಕ ಅದು: ಕೆಳಗೆ ಹೋದಷ್ಟೂ ಗಟ್ಟಿ. ಎರಡನೇ ಮಳೆಗಾಲಕ್ಕೆ ಇಳಿಜಾರಿನ ಕಡೆಯ ಗೋಡೆ ಬಾಗಿತು. ಕಲ್ಲಿನ ಪದರ ಅಲ್ಲಿ ಬರೀ ಎರಡು ಅಡಿ ದಪ್ಪ ಇತ್ತು, ಅದರ ಕೆಳಗೆ ಬೆಣ್ಣೆಯಂಥ ಜೇಡಿ.

ಲ್ಯಾಟರೈಟ್ ನೆಲದ ಗುಟ್ಟು ಇದು. ಇಲ್ಲಿ ಗಟ್ಟಿ ಮೇಲೆ, ಮೆತ್ತನೆ ಕೆಳಗೆ. ನೆತ್ತಿಯಲ್ಲಿ ಕಬ್ಬಿಣ ಬಿಗಿದ ಹೆಪ್ಪು. ಅದರಡಿ ಕೆಂಪು, ಹಳದಿ, ಬಿಳಿ ಮಚ್ಚೆಯ ಪದರ. ಅದರಡಿ ಲಿಥೋಮಾರ್ಜ್ ಎಂಬ ಬಿಳಿ, ಗುಲಾಬಿ, ನೇರಳೆ ಬಣ್ಣದ ನಯ ಜೇಡಿ. ದಕ್ಷಿಣ ಕನ್ನಡದವರು ಶೇಡಿ ಮಣ್ಣು ಎನ್ನುವುದು ಇದನ್ನೇ. ಇನ್ನೂ ಕೆಳಗೆ ಮೂಲ ಕಲ್ಲಿನ ಗೆರೆ, ಪದರ ಎಲ್ಲ ಹಾಗೇ ಇದ್ದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು. ಕೊನೆಗೆ ನಿಜವಾದ ಬಂಡೆ. ಶೇಡಿ ಒಣಗಿದ್ದಾಗ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಜಾರುತ್ತದೆ.

ಕೊಂಕಣ ರೈಲ್ವೆಯವರಿಗೂ ಮೆತ್ತನೆ ನೆಲ ಸಾಕಷ್ಟು ಕಾಡಿದೆ. ಪೆರ್ಣೆಯ ಸುರಂಗ ಒಂದೂವರೆ ಕಿಲೋಮೀಟರ್ ಚಿಲ್ಲರೆ ಉದ್ದ ಅಷ್ಟೇ. ನೀರು ತುಂಬಿದ ಜೇಡಿಯಿಂದಾಗಿ ಅದಕ್ಕೆ ಆರು ವರ್ಷ ಹಿಡಿಯಿತು, ಜೀವಗಳೂ ಹೋದವು. 2024ರ ಜುಲೈಯಲ್ಲೂ ಅಲ್ಲಿ ನೀರು ನುಗ್ಗಿ ರೈಲು ನಿಂತಿತ್ತು. ನನ್ನ ಕಾಂಪೌಂಡ್ ಅದರ ಮುಂದೆ ಯಾವ ಲೆಕ್ಕ! ಆದರೂ ಆಮೇಲೆ ನಾನು ಗಟ್ಟಿ ಕಲ್ಲು ಸಿಕ್ಕಿತು ಎಂದು ಎಂದೂ ನಿಲ್ಲಿಸಿಲ್ಲ. ತೂತು ಕೊರೆಸಿ ಅದರ ದಪ್ಪ ಎಷ್ಟು, ಕೆಳಗೆ ಏನಿದೆ ಎಂದು ನೋಡಿಯೇ ಮುಂದಿನ ಮಾತು.

ಮಳೆಗಾಲದಲ್ಲಿ ಬಾವಿ ತುಂಬಿ ತುಳುಕುತ್ತೆ, ಏಪ್ರಿಲ್‌ನಲ್ಲಿ ತಳ ಕಾಣುತ್ತೆ. ಯಾಕೆ?

ಮೇಲಿನ ಕಲ್ಲು ಜರಡಿಯ ಹಾಗೆ. ನೀರು ಬೇಗ ಇಳಿಯುತ್ತದೆ, ಶೇಡಿಯ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿಂದ ಪಕ್ಕಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಹಿಡಿದಿಡುವ ಜಾಗ ಕಡಿಮೆ. ದಿಬ್ಬದ ಮೇಲಿನ ಬಾವಿ ಬೇಗ ಬತ್ತುತ್ತದೆ, ಬುಡದಲ್ಲಿರುವುದು ತಡೆಯುತ್ತದೆ. ನೀರಿನ ಮೇಲೆ ಕಿತ್ತಳೆ ಬಣ್ಣದ ಪೊರೆ ಕಂಡರೆ ಅದು ಕರಗಿ ಬಂದ ಕಬ್ಬಿಣ ಗಾಳಿ ಸೋಕಿ ತುಕ್ಕಾಗಿದ್ದು. ಕೊಡದಲ್ಲಿ ರಾತ್ರಿಯಿಡೀ ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ಬಹಳಷ್ಟು ಹೋಗುತ್ತದೆ.

## ತೋಟ ಮಾಡುವವರು ಕೇಳುವುದು

ಇಷ್ಟು ಮಳೆ ಬಿದ್ರೂ ಸಡಾ ಮೇಲೆ ಮರ ಯಾಕೆ ಇಲ್ಲ?

ವಾಸ್ಕೋದಲ್ಲಿ ಇರುವ ನಮ್ಮವರಿಗೆ ಸಡಾ ಎಂದರೆ ಒಂದು ಏರಿಯಾ ಹೆಸರು, ಬಸ್ ಬೋರ್ಡಿನಲ್ಲಿ ಬರೆದಿರುತ್ತದೆ. ಅಸಲಿಗೆ ಕೊಂಕಣದಲ್ಲಿ ಸಡಾ ಎಂದರೆ ಕೆಂಪುಕಲ್ಲಿನ ಬಯಲು ನೆತ್ತಿ. ಹೊಸ ವಿಮಾನ ನಿಲ್ದಾಣ ಇರುವ ಮೋಪಾ ಕೂಡ ಅಂಥದ್ದೇ ದಿಬ್ಬ. ಅಲ್ಲಿ ಬೇರು ಇಳಿಯಲು ಮಣ್ಣೇ ಇಲ್ಲ, ಹೆಪ್ಪುಗಟ್ಟಿದ ಕಲ್ಲು. ಜೂನ್‌ನಲ್ಲಿ ಕೆರೆ, ಮಾರ್ಚ್‌ನಲ್ಲಿ ಕಾದ ಹಂಚು.

ಆದರೆ ಬರಡು ಎನ್ನಬೇಡಿ. ಮಳೆಗಾಲದ ಕೊನೆಗೆ ಹೋಗಿ ಬಗ್ಗಿ ನೋಡಿ. ಹುಳ ಹಿಡಿದು ತಿನ್ನುವ ಗಿಡಗಳೇ ಸಿಗುತ್ತವೆ: ಎಲೆಯ ಅಂಟಿನಲ್ಲಿ ಹುಳ ಸಿಕ್ಕಿಸುವ ಡ್ರೊಸೆರಾ, ನೀರಿನಲ್ಲಿ ಸಣ್ಣ ಚೀಲ ಇಟ್ಟುಕೊಂಡ ಯುಟ್ರಿಕ್ಯುಲೇರಿಯಾ. ಮಣ್ಣಿನಲ್ಲಿ ಸಾರಜನಕ ಸಿಗದ್ದಕ್ಕೆ ಅವು ಹುಳದಿಂದ ಪಡೆಯುತ್ತವೆ. ಸಾತಾರಾ ಹತ್ತಿರದ ಕಾಸ್ ಬಯಲಿಗೆ ಪುಣೆಯ ಜನ ಹೂ ನೋಡಲು ಮುಗಿಬೀಳುತ್ತಾರಲ್ಲ, ಅದೂ ಇದೇ ಕಲ್ಲಿನ ನೆತ್ತಿ.

ಅಂಗಡಿ ಗೊಬ್ಬರ ಹಾಕಿ ಹಾಕಿ ಸಾಕಾಯ್ತು, ತೆಂಗು ಏಳ್ತಾನೇ ಇಲ್ಲ.

ಗೊಬ್ಬರದ ರಂಜಕವನ್ನು ಈ ಮಣ್ಣು ಕಸಿದುಕೊಳ್ಳುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಮೈಗೆ ಫಾಸ್ಫೇಟ್ ಬಿಗಿಯಾಗಿ ಅಂಟಿಕೊಂಡುಬಿಡುತ್ತದೆ, ಬೇರಿಗೆ ಬಿಡುವುದಿಲ್ಲ. ಪೊಟ್ಯಾಷ್, ಸಾರಜನಕದ ಕಥೆ ಉಲ್ಟಾ. ಅವನ್ನು ಹಿಡಿದಿಡುವ ಶಕ್ತಿ ಕೆಯೊಲಿನೈಟ್‌ಗೆ ಇಲ್ಲ, ಒಂದೇ ಜೋರು ಮಳೆಗೆ ಕೆಳಗೆ ಇಳಿದುಹೋಗುತ್ತವೆ. ಎರೆ ಮಣ್ಣು ಗೊಬ್ಬರವನ್ನು ಬ್ಯಾಂಕಿನ ಹಾಗೆ ಇಟ್ಟುಕೊಂಡು ಕೊಡುತ್ತದೆ. ಇಲ್ಲಿ ಆ ಬ್ಯಾಂಕಿನ ಕೆಲಸವನ್ನು ಸೊಪ್ಪು, ಸಗಣಿ, ಕೊಳೆತ ಎಲೆಯೇ ಮಾಡಬೇಕು.

ಹಾಗಾಗಿ ಒಂದೇ ಸಲ ಸುರಿಯಬೇಡಿ, ಮಳೆಯ ಜೋರು ಕಡಿಮೆಯಾದ ಮೇಲೆ ಕಂತಿನಲ್ಲಿ ಕೊಡಿ. ಮಣ್ಣು ಹುಳಿ ಇರುವುದರಿಂದ ಶಿಲಾರಂಜಕ (ರಾಕ್ ಫಾಸ್ಫೇಟ್) ಇಲ್ಲಿ ನಿಧಾನ ಕರಗಿ ಚೆನ್ನಾಗಿ ಒದಗುತ್ತದೆ. ಪಿಎಚ್ ಸಾಮಾನ್ಯವಾಗಿ 5ರಿಂದ 6ರ ಮಧ್ಯೆ ಇರುತ್ತದೆ. 5.5ಕ್ಕಿಂತ ಕೆಳಗೆ ಇಳಿದಷ್ಟೂ ಕರಗಿದ ಅಲ್ಯೂಮಿನಿಯಂ ಬೇರನ್ನು ಸುಡುತ್ತದೆ, ಆಗ ಸುಣ್ಣ ಬೇಕು. ಎಷ್ಟು ಎನ್ನುವುದನ್ನು ಪಕ್ಕದ ತೋಟದವರನ್ನು ಕೇಳಿ ಹಾಕಬೇಡಿ, ಪರೀಕ್ಷೆ ಮಾಡಿಸಿ. ಹಳೆ ಗೋವಾದ ಎಲಾದಲ್ಲಿ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಗೇರು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಈ ಮರ ಹುಳಿ ಮಣ್ಣಿಗೂ ಬಡ ಮಣ್ಣಿಗೂ ಹೊಂದಿಕೊಂಡು ಗೋವಾದವನೇ ಆಗಿಬಿಟ್ಟಿದೆ, ನಮ್ಮ ಕೆಲವರ ಹಾಗೆ.

## ಇನ್ನೂ ಒಳಗಿಳಿದು ಕೇಳುವವರಿಗೆ

ಕಲ್ಲು ಕೊಳೆತು ಮಣ್ಣಾಗಿ, ಮಣ್ಣು ಮತ್ತೆ ಕಲ್ಲಾಗುತ್ತೆ ಅಂತೀರಲ್ಲ, ಒಳಗೆ ನಡೆಯೋದೇನು?

ಶುರುವಾಗುವುದು ಉಸಿರಿನಿಂದ. ಬೇರು, ಹುಳ, ಬ್ಯಾಕ್ಟೀರಿಯಾ ಬಿಡುವ ಉಸಿರು ಮಣ್ಣಿನ ಸಂದಿನಲ್ಲಿ ಸೇರಿ ಅಲ್ಲಿಯ ಕಾರ್ಬನ್ ಡೈ ಆಕ್ಸೈಡ್ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಮಳೆ ನೀರು ಅದನ್ನು ಹೀರಿ ಸಣ್ಣಗೆ ಹುಳಿಯಾಗುತ್ತದೆ, ಸೋಡಾ ನೀರಿನ ಹಾಗೆ. ಈ ಹುಳಿ ನೀರು ಕಲ್ಲಿನ ಫೆಲ್ಡ್‌ಸ್ಪಾರ್ ಖನಿಜವನ್ನು ಬಿಚ್ಚುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲು ಹೊರಡುತ್ತವೆ. ಸಿಲಿಕಾ ನಿಧಾನವಾಗಿ ಹೊರಡುತ್ತದೆ. ಹೋಗಲಾರದ ಅಲ್ಯೂಮಿನಿಯಂ ಉಳಿದ ಸಿಲಿಕಾ ಜೊತೆ ಸೇರಿ ಕೆಯೊಲಿನೈಟ್ ಆಗುತ್ತದೆ. ತೊಳೆತ ಇನ್ನೂ ನಡೆದರೆ ಕೆಯೊಲಿನೈಟ್‌ನ ಸಿಲಿಕಾ ಕೂಡ ಹೋಗಿ ಗಿಬ್ಸೈಟ್ ಎಂಬ ಅಲ್ಯೂಮಿನಿಯಂ ಖನಿಜ ಉಳಿಯುತ್ತದೆ. ಗಟ್ಟಿ ಸ್ಫಟಿಕದ ಕಾಳು, ಅಂದರೆ ಮರಳು, ಹೆಚ್ಚು ಅಲ್ಲಾಡುವುದಿಲ್ಲ.

ಕಬ್ಬಿಣದ ಕಥೆ ಇನ್ನೂ ಮಜಾ. ಅದಕ್ಕೆ ಎರಡು ವೇಷ. ಫೆರಸ್ ವೇಷದಲ್ಲಿ ನೀರಿನಲ್ಲಿ ಕರಗಿ ಓಡಾಡುತ್ತದೆ. ಆಮ್ಲಜನಕ ಸಿಕ್ಕಿತೋ, ಫೆರಿಕ್ ಆಗಿ ಅಲ್ಲೇ ಕೂರುತ್ತದೆ. ಜುಲೈಯಲ್ಲಿ ನೀರಿನ ಮಟ್ಟ ಮೇಲೆ ಬಂದು ನೆಲ ಉಸಿರುಗಟ್ಟಿದಾಗ, ಗಾಳಿ ಸಿಗದ ಬ್ಯಾಕ್ಟೀರಿಯಾಗಳು ಫೆರಿಕ್ ಕಬ್ಬಿಣವನ್ನೇ ಬಳಸಿ ಬದುಕುತ್ತವೆ. ಆಗ ಕಬ್ಬಿಣ ಮತ್ತೆ ಕರಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಬೇರಿನ ತೂತು, ಬಿರುಕುಗಳಲ್ಲಿ ಗಾಳಿ ಬಂದಾಗ ಆ ಕಬ್ಬಿಣ ಅಲ್ಲಿಗೆ ಸರಿದು ತುಕ್ಕಾಗಿ ಕೂರುತ್ತದೆ. ಬಿಟ್ಟುಬಂದ ಜಾಗ ಬಿಳಿ, ಕೂತ ಜಾಗ ಕೆಂಪು. ಮಚ್ಚೆ ಬಂದದ್ದು ಹೀಗೆ. ವರ್ಷಕ್ಕೊಂದು ಸಲ ಏರಿ ಇಳಿಯುವ ನೀರು ಹೀಗೆ ಲಕ್ಷಾಂತರ ಸಲ ಮಾಡಿದರೆ ಕೆಂಪು ಮಚ್ಚೆಗಳು ಕೈ ಕೈ ಹಿಡಿದು ಗೂಡು ಕಟ್ಟುತ್ತವೆ. ನಡುವಿನ ಬಿಳಿ ಜೇಡಿ ತೊಳೆದುಹೋದ ಕಡೆ ತೂತು. ನೀವು ಕೈಯಲ್ಲಿ ಹಿಡಿಯುವ ಚಿರೆ ಇದೇ. ಬರೀ ಮಳೆ ಇದ್ದರೆ ಸಾಲದು, ಮಳೆ ನಿಲ್ಲಲೂ ಬೇಕು. ನಮ್ಮ ಮುಂಗಾರು ಎರಡನ್ನೂ ಮಾಡುತ್ತದೆ.

ಇಷ್ಟು ಕಬ್ಬಿಣ ಇದ್ರೆ ಚಿರೆಯನ್ನೇ ಕರಗಿಸಬಾರದಾ? ಬಿಚೋಲಿಯ ಅದಿರೂ ಇದೇ ಅಲ್ವಾ?

ನೆಂಟರು, ಆದರೆ ಒಂದೇ ಅಲ್ಲ. ಬಿಚೋಲಿ, ಸಾಂಗೆಯ ಅದಿರು ಹುಟ್ಟಿದ್ದು ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲಿನಿಂದ. ಒಂದು ಪಟ್ಟೆ ಹೆಮಟೈಟ್, ಒಂದು ಪಟ್ಟೆ ಸಿಲಿಕಾ. ಮೂಲದಲ್ಲೇ ಕಬ್ಬಿಣ ಜಾಸ್ತಿ. ಮಳೆ ಅಲ್ಲಿಯ ಸಿಲಿಕಾವನ್ನು ತೊಳೆದು ಅದಿರನ್ನು ಇನ್ನಷ್ಟು ಗಟ್ಟಿ ಮಾಡಿತು, ಮೇಲೆ ಲ್ಯಾಟರೈಟಿನ ಟೊಪ್ಪಿಗೆಯನ್ನೂ ಹಾಕಿತು. ಸಾಮಾನ್ಯ ಚಿರೆಯಲ್ಲಿ ಅಲ್ಯೂಮಿನಾ, ಜೇಡಿ ತುಂಬಾ. ಕುಲುಮೆಗೆ ಹಾಕಿದರೆ ಕಬ್ಬಿಣಕ್ಕಿಂತ ಕಿಟ್ಟವೇ ಜಾಸ್ತಿ.

ಗಣಿ ಲಾರಿಗಳಲ್ಲಿ ನಮ್ಮ ಎಷ್ಟೋ ಹುಡುಗರು ದುಡಿದಿದ್ದಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, 2014ರಲ್ಲಿ ತಡೆ ತೆಗೆಯಿತು, 2018ರ ಫೆಬ್ರವರಿಯಲ್ಲಿ ಗುತ್ತಿಗೆಗಳನ್ನೇ ರದ್ದು ಮಾಡಿತು. ಆ ಕಥೆ ಇಲ್ಲಿಯದಲ್ಲ.

ಮ್ಯಾಗ್ನೆಟ್ ಹಿಡಿದ್ರೆ ಕೆಲವು ಕಾಳು ಅಂಟುತ್ತೆ, ಕೆಲವು ಇಲ್ಲ. ಯಾಕೆ?

ಹೆಮಟೈಟ್, ಗೊಥೈಟ್ ಸಾಮಾನ್ಯ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದ್ದು ಮ್ಯಾಗ್ನೆಟೈಟ್ ಅಥವಾ ಮ್ಯಾಗ್‌ಹೆಮೈಟ್. ಮ್ಯಾಗ್‌ಹೆಮೈಟ್‌ನ ರಚನೆಯಲ್ಲಿರುವುದು ಹೆಮಟೈಟ್‌ನ ಕಬ್ಬಿಣ, ಆಮ್ಲಜನಕವೇ, ಜೋಡಣೆ ಮಾತ್ರ ಬೇರೆ. ಕಾಡಿಗೆ, ಹುಲ್ಲಿಗೆ ಬೆಂಕಿ ಬಿದ್ದಾಗ ಮೇಲ್ಮಣ್ಣಿನ ಗೊಥೈಟ್ ಎಲೆ ಕಡ್ಡಿಯ ಜೊತೆ ಬೆಂದು ಹೀಗಾಗುವುದುಂಟು. ಅದಕ್ಕೇ ಅಂಟುವ ಕಾಳು ಮೇಲೆಯೇ ಜಾಸ್ತಿ ಸಿಗುತ್ತವೆ.

ಬಾಕ್ಸೈಟ್‌ಗೂ ಇದಕ್ಕೂ ಏನು ವ್ಯತ್ಯಾಸ?

ಒಂದೇ ದಾರಿಯ ಎರಡು ಊರು. ಗಿಬ್ಸೈಟ್ ಮೇಲುಗೈ ಪಡೆದರೆ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್, ಕಬ್ಬಿಣ ಮೇಲುಗೈ ಪಡೆದರೆ ಲ್ಯಾಟರೈಟ್. ನೀರು ಸಲೀಸಾಗಿ ಇಳಿದುಹೋಗುವ ಎತ್ತರದ ನೆತ್ತಿಗಳಲ್ಲಿ ಬಾಕ್ಸೈಟ್ ಆಗುವುದು ಹೆಚ್ಚು. ಕೊಲ್ಹಾಪುರದ ರಾಧಾನಗರಿ, ನಮ್ಮ ಬೆಳಗಾವಿ ಕಡೆ ಬಸಾಲ್ಟ್ ಬೆಟ್ಟದ ಮೇಲೆ ಇದು ಸಿಗುತ್ತದೆ. ಮೂಲ ಕಲ್ಲಿನಲ್ಲಿ ನಿಕ್ಕಲ್ ಇದ್ದರೆ ಲ್ಯಾಟರೈಟಿನಲ್ಲಿ ನಿಕ್ಕಲ್ ಕೂಡ ಒಟ್ಟಾಗುತ್ತದೆ, ಒಡಿಶಾದ ಸುಕಿಂದಾದಲ್ಲಿ ಆಗಿರುವಂತೆ.

ಲ್ಯಾಬ್ ರಿಪೋರ್ಟಲ್ಲಿ ಸಿಲಿಕಾ ಅನುಪಾತ 1.5 ಅಂತ ಬರೆದಿದ್ದಾರೆ. ಏನರ್ಥ?

ಸಿಲಿಕಾವನ್ನು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಮೊತ್ತದಿಂದ ಭಾಗಿಸಿದ್ದು, ತೂಕದಲ್ಲಿ ಅಲ್ಲ, ಅಣುಗಳ ಲೆಕ್ಕದಲ್ಲಿ. ಎಂಜಿನಿಯರುಗಳ ಹಳೆಯ ರೂಢಿಯಂತೆ 1.33ಕ್ಕಿಂತ ಕಡಿಮೆ ಇದ್ದರೆ ಲ್ಯಾಟರೈಟ್, 1.33ರಿಂದ 2ರವರೆಗೆ ಲ್ಯಾಟರೈಟ್ ಥರದ ಮಣ್ಣು, 2 ದಾಟಿದರೆ ಅಲ್ಲ. ನಿಮ್ಮದು ನಡುವಿನದು. ಬರೀ ಕೆಯೊಲಿನೈಟ್ ತೆಗೆದುಕೊಂಡರೆ ಲೆಕ್ಕ ಸರಿಯಾಗಿ 2 ಬರುತ್ತದೆ, ಗೆರೆ ಅಲ್ಲಿ ಎಳೆದಿದ್ದಕ್ಕೆ ಅರ್ಥ ಇದೆ. ಆದರೆ ಮರಳಿನ ಕಾಳು ಸೇರಿಕೊಂಡರೆ ಈ ಸಂಖ್ಯೆ ಸುಳ್ಳು ಹೇಳುತ್ತದೆ, ನಾನು ಇದೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ. ಮಣ್ಣು ವಿಜ್ಞಾನದವರೂ ಈಗ ‘ಲ್ಯಾಟರೈಟ್ ಮಣ್ಣು’ ಎಂಬ ಪದವನ್ನು ಹೆಚ್ಚು ಬಳಸುವುದಿಲ್ಲ. ಅವರ ವರ್ಗೀಕರಣದಲ್ಲಿ ಪೂರ್ತಿ ತೊಳೆದದ್ದು ಆಕ್ಸಿಸಾಲ್. ನಮ್ಮ ಕರಾವಳಿಯ ಬಹಳಷ್ಟು ಕೆಂಪು ಮಣ್ಣು ಅಷ್ಟು ದೂರ ಹೋಗದೆ ಅಲ್ಟಿಸಾಲ್, ಆಲ್ಫಿಸಾಲ್ ಎಂಬ ಮೆಟ್ಟಿಲುಗಳಲ್ಲೇ ನಿಂತಿದೆ.

ಇದೆಲ್ಲಾ ಆಗೋಕೆ ಎಷ್ಟು ವರ್ಷ ಬೇಕು? ಎಷ್ಟು ಕಲ್ಲು ಕರಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಮಹಾಬಳೇಶ್ವರ, ಪಂಚಗಣಿಯ ನೆತ್ತಿಯ ಲ್ಯಾಟರೈಟ್ ಕೂತಿರುವುದು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಮೇಲೆ. ಹಾಗಾದರೆ ಅದು ಲಾವಾಕ್ಕಿಂತ ಚಿಕ್ಕದು. ಲಾವಾ ಆರಿದ ಮೇಲೆ ಭಾರತ ಉತ್ತರಕ್ಕೆ ಸರಿಯುತ್ತಾ ಭೂಮಧ್ಯ ರೇಖೆಯ ಸೆಕೆ, ಮಳೆಯ ಪಟ್ಟಿಯನ್ನು ದಾಟಿ ಬಂತು. ಎತ್ತರದ ಹಳೆಯ ಹೆಪ್ಪು ಆ ಕಾಲದಿಂದ ಬೆಳೆಯುತ್ತಾ ಬಂದದ್ದು. ಕೊಂಕಣದ ತಗ್ಗಿನ ಲ್ಯಾಟರೈಟ್ ಅದಕ್ಕಿಂತ ಈಚಿನದು. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಳಗಿನ ನೆಲಕ್ಕೆ ಮುಚ್ಚಳ. ಸುತ್ತಲಿನದು ಸವೆದು, ಮುಚ್ಚಳ ಇದ್ದದ್ದು ಮೇಜಿನ ಹಾಗೆ ಉಳಿಯುತ್ತದೆ. ಪಂಚಗಣಿಯ ಟೇಬಲ್ ಲ್ಯಾಂಡ್ ನೋಡಿದವರಿಗೆ ಬೇರೆ ವಿವರಣೆ ಬೇಡ.

ಎಷ್ಟು ಕರಗಿತು ಎನ್ನುವುದಕ್ಕೆ ಒಂದು ಜಾಣ ಲೆಕ್ಕ ಇದೆ. ಜಿರ್ಕಾನ್ ಎಂಬ ಕಾಳು ಮಳೆಗೆ ಬಗ್ಗುವುದೇ ಇಲ್ಲ. ಉದಾಹರಣೆಗೆ, ಒಂದು ಕಿಲೋ ಮೂಲ ಕಲ್ಲಿನಲ್ಲಿ ಜಿರ್ಕಾನ್ ಒಂದು ಪಾಲು, ಅದರ ಮೇಲಿನ ಒಂದು ಕಿಲೋ ಲ್ಯಾಟರೈಟಿನಲ್ಲಿ ನಾಲ್ಕು ಪಾಲು ಇದೆ ಅಂದುಕೊಳ್ಳಿ. ಆಗ ನಾಲ್ಕು ಕಿಲೋ ಕಲ್ಲು ಕರಗಿ ಒಂದು ಕಿಲೋ ಉಳಿದಿದೆ. ಮೂರು ಕಿಲೋ ಮಾಂಡೋವಿ, ಜುವಾರಿ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗಿದೆ. ಇದನ್ನು ಒಮ್ಮೆ ಸೈಟಿನಲ್ಲಿ ಹೇಳಿದಾಗ ನಮ್ಮ ಗವಂಡಿ ಕೈಯಲ್ಲಿದ್ದ ಚಿರೆಯನ್ನು ತಿರುಗಿಸಿ ನೋಡಿ, ‘ಅಂದ್ರ ಇದರ ತೂಕ ನಾವು ಹೊತ್ತಿದ್ದು ಕಾಲು ಭಾಗನ’ ಎಂದು ನಕ್ಕ.